ಕೋರ್ಸ್ ಮಾರುವವರನ್ನೂ ಯಾರಾದರೂ ಪರೀಕ್ಷೆ ಮಾಡಿ

'ಎರಡೇ ದಿನದಲ್ಲಿ ಟ್ರಾಮಾ ಥೆರಪಿಸ್ಟ್ (ಆಘಾತ ಅನುಭವಿಸಿದವರ ಮನಸ್ಸಿಗೆ ಚಿಕಿತ್ಸೆ ಕೊಡುವವರು) ಆಗಿ!' ಸಮಾಜಕಾರ್ಯ, ಮಾನಸಿಕ ಆರೋಗ್ಯದ ಕೆಲಸದಲ್ಲಿರುವವರಿಗೆ ಇಂಥ ಜಾಹೀರಾತು ಹೊಸದಲ್ಲ. ಡಿಗ್ರಿ ಕೊಡುವ ಕಾಲೇಜಿಗೆ ಮಾನ್ಯತೆ ಬೇಕು. ಆಮೇಲಿನ ಈ 'ಅಡ್ವಾನ್ಸ್ಡ್' ಕೋರ್ಸುಗಳಿಗೆ ಎಷ್ಟೋ ಕಡೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಲೈಸೆನ್ಸ್ ಉಳಿಯಬೇಕಾದರೆ ಇಷ್ಟು ಗಂಟೆ ತರಬೇತಿ ಮುಗಿಸಿ ಅಂತ ಹಲವು ದೇಶಗಳಲ್ಲಿ ನಿಯಮವಿದೆ. ಗಂಟೆ ಎಣಿಸುವುದು ಸುಲಭ, ಅಲ್ವಾ? ಆನ್‌ಲೈನ್ ಕೋರ್ಸಿನ ಕಥೆಯಂತೂ ಕೇಳಬೇಡಿ. ಒಂದು ಕಡೆ ವಿಡಿಯೋ ಓಡುತ್ತಿರುತ್ತದೆ, ಇನ್ನೊಂದು ಕಡೆ ನಾವು ಕೇಸ್ ನೋಟ್ಸ್ ಬರೆಯುತ್ತಿರುತ್ತೇವೆ. ಕೊನೆಗೊಂದು ಕ್ವಿಜ್. ತಪ್ಪಾದರೆ ಪಾಸಾಗುವವರೆಗೂ ಒತ್ತುತ್ತಾ ಹೋಗಬಹುದು. ಆಮೇಲೆ ಫೀಡ್‌ಬ್ಯಾಕ್ ಫಾರ್ಮು: 'ಧ್ವನಿ ಸ್ಪಷ್ಟವಾಗಿತ್ತೇ?' ಹೂಂ ಅಂದ ಕೂಡಲೇ ಚಿನ್ನದ ಅಂಚಿನ ಪಿಡಿಎಫ್ ಕೈಗೆ ಬರುತ್ತದೆ.

ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತ ಒಂದು ವಿಧಾನವಿದೆ. ಬದಲಾಗಬೇಕು ಅನ್ನುವ ಮನಸ್ಸು ಎದುರಿಗಿರುವವರಲ್ಲೇ ಮೂಡುವಂತೆ ಮಾತಾಡಿಸುವ ರೀತಿ ಅದು, ವ್ಯಸನ ಬಿಡಿಸುವ ಕೆಲಸದಲ್ಲಿ ಜಾಸ್ತಿ ಬಳಸುತ್ತಾರೆ. ಅದನ್ನು ರೂಪಿಸಿದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರೇ ಅದರ ತರಬೇತಿಯನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಕ್‌ಶಾಪ್ ಆದಮೇಲೆ ಫೀಡ್‌ಬ್ಯಾಕ್, ಕೋಚಿಂಗ್ ಸಿಕ್ಕವರು ಇನ್ನೂ ಚೆನ್ನಾಗಿ ಕಲಿತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. 'ನನಗೆ ಇದು ಚೆನ್ನಾಗಿ ಬರುತ್ತದೆ' ಅಂತ ಅವರವರು ಹೇಳಿಕೊಂಡದ್ದಕ್ಕೂ, ಕೆಲಸದಲ್ಲಿ ಕಂಡ ಕೌಶಲಕ್ಕೂ ಸಂಬಂಧವೇ ಇರಲಿಲ್ಲ! ಹಾಗಿದ್ದರೆ ನಮ್ಮ ಫೀಡ್‌ಬ್ಯಾಕ್ ಫಾರ್ಮುಗಳಿಗೆ ಏನು ಬೆಲೆ?

ಕಲಿಸುವ ವಿಷಯವೇ ಸರಿಯಿಲ್ಲದಿದ್ದರೆ? ಅವಘಡ ಕಂಡವರನ್ನು ಕೂಡಲೇ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ 'ಡೀಬ್ರೀಫಿಂಗ್' ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ತಡೆಯಬಹುದು ಅನ್ನಲು ಆಧಾರ ಸಿಗಲಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಿ ಅಂತ 2002ರ ಕಾಕ್ರೇನ್ ವಿಮರ್ಶೆ (ಒಂದು ಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿತು. ಕೋರ್ಸಿಗೆ ಒಮ್ಮೆ ಮಾನ್ಯತೆ ಕೊಟ್ಟು ಸುಮ್ನೆ ಕೂತರೆ ಆಗುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಅಧಿಕಾರವೂ ಇರಬೇಕು, ಧೈರ್ಯವೂ ಇರಬೇಕು.

ಹಾಗಂತ ಎಲ್ಲದಕ್ಕೂ ಪರ್ಮಿಷನ್ ಬೇಡ. ಒಂದು ಗಂಟೆಯ ಉಪನ್ಯಾಸಕ್ಕೂ ಫೈಲ್ ತಿರುಗಿಸಿದರೆ ದೊಡ್ಡ ಸಂಸ್ಥೆಗಳು ಮಾತ್ರ ಉಳಿಯುತ್ತವೆ, ಫೀಸು ಏರುತ್ತದೆ. ಕೇಳಿ ಬಂದವರಿಗೆ 'ಹಾಜರಿದ್ದರು' ಅಂತ ಬರೆದುಕೊಡಿ, ಸಾಕು. 'ಈ ಚಿಕಿತ್ಸೆ ಕೊಡಲು ಅರ್ಹರು' ಅಂತ ಬರೆಯಬೇಕಾದರೆ ಮಾತ್ರ, ಎದುರಿಗಿರುವವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಸೆಷನ್‌ಗಳನ್ನು ಅನುಭವಿ ಸೂಪರ್‌ವೈಸರ್ ಕೇಳಿ ಸಹಿ ಹಾಕಿರಬೇಕು. ಆ ಸೂಪರ್‌ವೈಸರ್‌ಗೆ ಕೋರ್ಸಿನ ಲಾಭದಲ್ಲಿ ಪಾಲು ಇರಬಾರದು. ಇದಕ್ಕೆ ಬೇಕಾದ ಸಮಯವನ್ನು ಉದ್ಯೋಗ ಕೊಟ್ಟವರು ಡ್ಯೂಟಿಯಲ್ಲೇ ಕೊಡಬೇಕು, ನಮ್ಮ ಭಾನುವಾರಗಳಿಂದ ಕಿತ್ತುಕೊಳ್ಳುವುದಲ್ಲ.