ಹೊಕ್ಕುಳಬಳ್ಳಿಗೆ ಇಎಂಐ

ಮನುಷ್ಯನ ಕ್ಲೋನಿಂಗ್, ಅಂದರೆ ಒಬ್ಬರ ಕೋಶದಿಂದ ಅವರದ್ದೇ ನಕಲು ಭ್ರೂಣ ಮಾಡುವುದು, ಬೇಕೋ ಬೇಡವೋ ಎಂದು ವಿಶ್ವಸಂಸ್ಥೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿತು. ಕೊನೆಗೆ 2005ರ ಮಾರ್ಚಿನಲ್ಲಿ ಓಟಿಗೆ ಹಾಕಿದರು. ಮಗು ಹುಟ್ಟಿಸಲಿಕ್ಕಾಗಲಿ, ಚಿಕಿತ್ಸೆಯ ಸಂಶೋಧನೆಗಾಗಲಿ, ಎಲ್ಲ ಬಗೆಯದ್ದೂ ಬೇಡ ಎಂಬ ಘೋಷಣೆಗೆ 84 ದೇಶಗಳು ಹೌದು ಎಂದವು, 34 ಅಲ್ಲ ಎಂದವು, 37 ಸುಮ್ಮನೆ ಕೂತವು. ನಾವು, ಅಂದರೆ ಭಾರತ, ಅಲ್ಲ ಎಂದವರ ಸಾಲಿನಲ್ಲಿದ್ದೆವು. ಇಷ್ಟೆಲ್ಲ ಆಗಿ, ಆ ಘೋಷಣೆಯನ್ನು ಪಾಲಿಸಲೇಬೇಕೆಂದು ಯಾರಿಗೂ ಕಡ್ಡಾಯ ಇಲ್ಲ. ನಮ್ಮ ಮಂಗಳೂರಿನ ಹಂಪನಕಟ್ಟೆಯ ನೋ ಪಾರ್ಕಿಂಗ್ ಬೋರ್ಡಿನ ಹಾಗೆ.

ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜಿಗೂ ಬರ ಇಲ್ಲ, ಎಸಿ ಸಭಾಂಗಣಕ್ಕೂ ಬರ ಇಲ್ಲ. ಹಾಗಾಗಿ ಇಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ದೀಪ ಬೆಳಗಿಸಿ, ಶಾಲು ಹೊದಿಸಿ ಶುರು ಮಾಡುತ್ತಾರೆ. ದೇಹದ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಕಾಂಡಕೋಶಕ್ಕೆಂದು ಲ್ಯಾಬಿನಲ್ಲಿಟ್ಟ ಭ್ರೂಣವನ್ನು 14 ದಿನಕ್ಕಿಂತ ಜಾಸ್ತಿ ಬೆಳೆಸಬಾರದೆಂಬ ನಿಯಮದ ಮೇಲೆ ವಾಗ್ವಾದ. ಒಬ್ಬರು ದೇವರ ಕೆಲಸಕ್ಕೆ ಕೈ ಹಾಕಬೇಡಿ ಎನ್ನುತ್ತಾರೆ. ಇನ್ನೊಬ್ಬರು ವಿಜ್ಞಾನಕ್ಕೆ ಅಡ್ಡ ಬರಬೇಡಿ ಎನ್ನುತ್ತಾರೆ. ಮಧ್ಯಾಹ್ನ ಇಬ್ಬರಿಗೂ ನೀರ್ ದೋಸೆ, ಕೋರಿ ಗಸಿ. ಭ್ರೂಣಕ್ಕೆ ಅಷ್ಟು ಮರುಗಿದವರು ಕೋಳಿಯ ವಿಷಯ ಎತ್ತುವುದೇ ಇಲ್ಲ.

ಭ್ರೂಣವೇ ಬೇಡ, ಚರ್ಮದಿಂದ ತೆಗೆದ ಕೋಶವನ್ನೇ ಕಾಂಡಕೋಶದಂತೆ ಮಾಡಬಹುದು ಎಂದು ಜಪಾನಿನ ವಿಜ್ಞಾನಿ ಯಮನಾಕ 2006ರಲ್ಲೇ ಇಲಿಯಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಕೂಡ ಬಂತು. ಏನು ಮಾಡುವುದು, ಭಾಷಣ ಅದಕ್ಕಿಂತ ಮೊದಲೇ ಟೈಪ್ ಆಗಿತ್ತು.

ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಮಾತ್ರ ಯಾವ ಧರ್ಮಸಂಕಟವೂ ಇಲ್ಲ. ಮೊನ್ನೆ ಟೈ ಕಟ್ಟಿದ ಹುಡುಗನೊಬ್ಬ ಫೈಲ್ ಬಿಡಿಸಿ ಕೂತಿದ್ದ.

"ಆಂಟಿ, ಮಗಳಿಗೆ ಎಂಟು ತಿಂಗಳಲ್ವಾ? ಹೊಕ್ಕುಳಬಳ್ಳಿಯ ರಕ್ತ ನಮ್ಮಲ್ಲಿ ಇಡಿ. ನಾಳೆ ಮಗುವಿಗೆ ಏನೇ ಬರಲಿ, ಅದರದ್ದೇ ಕಾಂಡಕೋಶ ರೆಡಿ. ಇಎಂಐ ಉಂಟು."

ಮಗುವಿಗೇ ಮುಂದೆ ಬೇಕಾದೀತು ಎಂದು ಹೀಗೆ ಕಾಪಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಬರೆದಿದೆ. ತಲಸ್ಸೀಮಿಯಾದಂಥ ರಕ್ತದ ಹುಟ್ಟುರೋಗಕ್ಕೆ ಮಗುವಿನದ್ದೇ ಕೋಶ ಹಾಕಿದರೆ ಅದೇ ದೋಷ ವಾಪಸ್ ಒಳಗೆ ಹೋಗುತ್ತದೆ. ಆ ಪುಟ ಹುಡುಗನ ಫೈಲಿನಲ್ಲಿ ಇರಲಿಲ್ಲ. ನಗುವ ಮಗುವಿನ ಫೋಟೋ ಇತ್ತು, ವಿದೇಶಿ ಮಗು.

ಆಂಟಿ ಫೋಟೋವನ್ನು ಚೆನ್ನಾಗಿ ನೋಡಿದರು.

"ಬಾಡಿಗೆ ಎಷ್ಟು ವರ್ಷ ಕಟ್ಟಬೇಕು?"

"21 ವರ್ಷದ ಪ್ಲಾನ್ ಉಂಟು ಆಂಟಿ."

"ಇವಳ ಹೊಕ್ಕುಳಬಳ್ಳಿಯನ್ನು ನಾವು ತೆಂಗಿನ ಬುಡದಲ್ಲಿ ಹೂತದ್ದು ಮಾರಾಯ. ಬಾಡಿಗೆ ಇಲ್ಲ. ಕಾಯಿ ಈಗಲೂ ಸಿಗುತ್ತದೆ."

ಹುಡುಗ ಫೈಲ್ ಮುಚ್ಚಿ ಪಕ್ಕದ ಬೆಂಚಿಗೆ ಹೋದ.