ಬೆಲ್ಟ್ ಹೊಸದು, ಪಂಪ್ ಹಳೇದು: ಇದ್ಯಾವ ಸೀಮೆ ರಿಪೇರಿ?

“ಪಂಪ್ ಚಲೋ ಐತ್ರೀ, ಸುಮ್ಮನ ಯಾಕ ರೊಕ್ಕ ಹಾಳು ಮಾಡ್ತೀರಿ?” ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು, ಯಾವ ಊರಿನ ಗ್ಯಾರೇಜಿಗೆ ಹಳೇ ಗಾಡಿಯನ್ನು ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಡಾಟಕ್ಕೆ ಸರಿಯಾಗಿ ವಾಲ್ವು ತೆರೆದು ಮುಚ್ಚಿಸುವ ಹಲ್ಲಿನ ಬೆಲ್ಟ್) ಬದಲಿಸಲು ಬಿಟ್ಟರೂ ಈ ಮಾತು ಬಂದೇ ಬರುತ್ತದೆ. ಗಿರಾಕಿಯ ಜೇಬಿನ ಮೇಲೆ ಅದೆಂಥ ಕಾಳಜಿ! ಮುಂದೆ ಅದೇ ವಾಟರ್ ಪಂಪ್, ಅಂದರೆ ಇಂಜಿನನ್ನು ತಂಪಾಗಿಡುವ ಕೂಲಂಟ್ ಸುತ್ತಿಸುವ ಪಂಪ್, ಸೋರತೊಡಗಿದಾಗ, ಅದೇ ಕೆಲಸಕ್ಕೆ ಪೂರ್ತಿ ಮಜೂರಿ ಎರಡನೇ ಸಲ ಎಣಿಸಿಕೊಳ್ಳುವಾಗ ಆ ಕಾಳಜಿ ಎಲ್ಲಿ ಹೋಗಿರುತ್ತದೋ.

ಎಲ್ಲ ಗಾಡಿಗಳ ಮಾತಲ್ಲ ಇದು. ಹಳೇ ಸ್ವಿಫ್ಟ್ ಡೀಸೆಲ್‌ನಲ್ಲಿ ಬೆಲ್ಟೇ ಇಲ್ಲ, ಚೈನ್ ಇದೆ. ಹಳೇ ಇನ್ನೋವಾ ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ ಇದ್ದರೂ ವಾಟರ್ ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದ. ಆದರೆ ಲೋಗನ್, ವೆರಿಟೊ, ಡಸ್ಟರ್‌ಗಳ 1.5 ಡೀಸೆಲ್, ಹಳೇ ಫಿಗೊ ಮತ್ತು ಫಿಯೆಸ್ಟಾದ 1.4 ಡೀಸೆಲ್, ಪೋಲೊ ಡೀಸೆಲ್ (ಟಿಡಿಐ), ಪಾಲಿಯೊ 1.2 ಪೆಟ್ರೋಲ್ ಇವುಗಳಲ್ಲೆಲ್ಲ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಅಲ್ಲಿಗೆ ತಲುಪಬೇಕಾದರೆ ಬಲಗಡೆಯ ಮುಂದಿನ ಗಾಲಿ ಬಿಚ್ಚಬೇಕು, ಒಳಗಿನ ಪ್ಲಾಸ್ಟಿಕ್ ಗಾರ್ಡ್ ತೆಗೆಯಬೇಕು, ಇಂಜಿನ್ ಆಯಿಲ್ ಸಂಪಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಇಂಜಿನ್ ಮೌಂಟ್ ಇಳಿಸಬೇಕು, ಹೊರಗಿನ ಬೆಲ್ಟ್, ಕ್ರ್ಯಾಂಕ್ (ಪಿಸ್ಟನ್ನುಗಳಿಂದ ತಿರುಗುವ ದಂಡ) ಪುಲ್ಲಿ, ಕವರ್ ಎಲ್ಲ ಕಳಚಬೇಕು. ಅರ್ಧ ದಿನದ ಕೆಲಸ. ಇಷ್ಟಾದ ಮೇಲೆ ಪಂಪು ಕಣ್ಣೆದುರೇ ಕೂತಿರುತ್ತದೆ, ಕೆಲವೇ ಸಣ್ಣ ಬೋಲ್ಟುಗಳ ಮೇಲೆ. ಬಿಚ್ಚಿ ಹಾಕಲು ಅರ್ಧ ಗಂಟೆ ಸಾಕು. ಅದನ್ನು ಹಾಗೇ ಬಿಟ್ಟು ಮುಚ್ಚುವುದೆಂದರೆ ಬೋರಿನ ಪೈಪೆಲ್ಲ ಮೇಲೆತ್ತಿ, ಕೇಬಲ್ ಮಾತ್ರ ಹೊಸದು ಹಾಕಿ, ಸುಡಲು ಬಂದ ಹಳೇ ಮೋಟರನ್ನೇ ಮತ್ತೆ ಇಳಿಸಿದ ಹಾಗೆ.

ಆ ‘ಚಲೋ ಐತಿ’ ಅನ್ನೋದನ್ನ ಹೇಗೆ ತೀರ್ಮಾನಿಸಿದರು ಅಂತ ಯಾರಾದರೂ ಕೇಳಿ ನೋಡಿ. ಕೈಯಿಂದ ಒಂದು ಸಲ ತಿರುಗಿಸಿದರಂತೆ, ತಿರುಗಿತಂತೆ. ಸ್ವಾಮಿ, ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತಿದೆ. ಒಳಗಿನ ಸೀಲ್ ಸವೆದಾಗ ಮೊದಲು ಜಿನುಗುವುದು ಅಲ್ಲಿಂದ. ಟಾರ್ಚ್ ಬಿಟ್ಟು ನೋಡಿದರೆ ಗುಲಾಬಿಯದೋ ಹಸಿರಿನದೋ ಒಣಗಿದ ಹಕ್ಕಳೆ ಕಾಣುತ್ತದೆ. ಬೋರಿನ ನೀರು ಹಾಕಿದ ಗಾಡಿಯಾದರೆ ಬಿಳೀ ಉಪ್ಪು. ಪುಲ್ಲಿಯ ಅಂಚು ಹಿಡಿದು ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಕುಲುಕಿದರೂ ಬೇರಿಂಗ್ ಮುಗಿಯಿತು. ಇವೆರಡೂ ಇಲ್ಲದಿದ್ದರೂ ಹಳೇ ಪಂಪ್ ಉಳಿಸಬಾರದು. ಇಷ್ಟು ದಿನ ಸಡಿಲವಾಗಿದ್ದ ಬೆಲ್ಟಿನ ಎಳೆತಕ್ಕೆ ಒಗ್ಗಿದ್ದ ಬೇರಿಂಗಿಗೆ ಈಗ ಹೊಸ ಬೆಲ್ಟಿನ ಬಿಗಿ ಬೀಳುತ್ತದೆ. ಅದು ಕುಲುಕಿದರೆ ಸೀಲ್ ಹೋಗುತ್ತದೆ, ಸೀಲ್ ಹೋದರೆ ಕೂಲಂಟ್ ಬೆಲ್ಟಿನ ಮೇಲೆ ಸೋರುತ್ತದೆ. ಬೇರಿಂಗ್ ಪೂರ್ತಿ ಜಾಮ್ ಆದರಂತೂ ಬೆಲ್ಟಿನ ಹಲ್ಲು ಕಿತ್ತು ಹೋಗಿ, ವಾಲ್ವು ತೆರೆದಿದ್ದಲ್ಲೇ ನಿಂತು, ಪಿಸ್ಟನ್ ಬಂದು ಗುದ್ದುತ್ತದೆ. ಮೇಲೆ ಹೇಳಿದ ಡೀಸೆಲ್ ಇಂಜಿನುಗಳಲ್ಲಿ ವಾಲ್ವ್ ಬೆಂಡ್ ಆಗುವುದೇ ಹೆಚ್ಚು. ಇಂಜಿನಿನ ಮೇಲ್ಭಾಗದ ಹೆಡ್ ಇಳಿಸಬೇಕು. ಆಗ ಬರುವ ಸಲಹೆ: “ಗಾಡಿ ಹಳೇದಾತ್ರಿ, ಮಾರಿಬಿಡ್ರಿ.”

ಇನ್ನು ನೀರಿನ ವಿಷಯಕ್ಕೆ ಬಂದರೆ ಮೈ ಉರಿಯುತ್ತದೆ. ನಮ್ಮ ಕಡೆ ಬೋರಿನ ನೀರು ಎಂಥದ್ದು ಅಂತ ಪ್ರತಿ ಮನೆಯ ಬಕೆಟ್ಟಿಗೂ ಗೀಸರಿನ ಕಾಯಿಲ್ಲಿಗೂ ಗೊತ್ತು. ಆ ನೀರನ್ನೇ ಪೈಪು ಹಿಡಿದು ರೇಡಿಯೇಟರಿಗೆ ತುಂಬುತ್ತಾರೆ, ಮೇಲೆ ಬಣ್ಣಕ್ಕೆ ಅಂತ ಅರ್ಧ ಲೀಟರ್ ಕೂಲಂಟ್! ಕಾದ ಇಂಜಿನಿನಲ್ಲಿ ಆ ಗಡಸು ನೀರಿನ ಸುಣ್ಣ ಗಟ್ಟಿಯಾಗಿ ಹರಳಾಗುತ್ತದೆ. ಪಂಪಿನ ಸೀಲೆಂದರೆ ಒಂದರ ಮೇಲೊಂದು ಉಜ್ಜುತ್ತ ತಿರುಗುವ ಎರಡು ನುಣುಪಾದ ಬಿಲ್ಲೆಗಳು, ನಡುವೆ ಇರುವುದು ಕೂಲಂಟಿನ ತೆಳು ಪದರ ಅಷ್ಟೇ. ಅಲ್ಲಿಗೆ ಹರಳು ಹೊಕ್ಕರೆ ಗೀರು ಬಿದ್ದು ಸೋರುತ್ತದೆ. ಕೂಲಂಟ್ ಹಾಕುವುದು ಬರೀ ತಂಪಿಗಲ್ಲ. ಅಲ್ಯೂಮಿನಿಯಂ ಕೊರೆಯದಂತೆ, ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ರಾಸಾಯನಿಕ ಇರುವುದು ಅದರಲ್ಲಿ. ಕುದಿಯುವ ಬಿಂದುವೂ ಏರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿಗೆ ಇದು ಬೇಡವಂತೆ, “ನೀರೇ ತಂಪ್ರಿ” ಅಂತೆ.

ಗಟ್ಟಿ ಕೂಲಂಟ್ ಆದರೆ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ, ಅಂದರೆ ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ನೀರು. ಡಬ್ಬದ ಮೇಲೆ ರೆಡಿ ಮಿಕ್ಸ್ ಅಂತಿದ್ದರೆ ಒಂದು ಹನಿ ನೀರೂ ಬೇಡ. ರೇಡಿಯೇಟರ್ ಖಾಲಿ ಮಾಡಿದರೂ ಇಂಜಿನ್ ಬ್ಲಾಕಿನಲ್ಲಿ ಹಳೇ ನೀರು ಉಳಿದಿರುತ್ತದೆ. ತೊಳೆಯದೆ ತುಂಬಿದರೆ ಅಳತೆ ತಪ್ಪುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ, ಬಣ್ಣ ಒಂದೇ ಅಂದಮಾತ್ರಕ್ಕೆ ಜಾತಿ ಒಂದೇ ಅಲ್ಲ. ಇನ್ನೊಂದು ಘನಕಾರ್ಯ: ಪಂಪ್ ಹಾಕುವಾಗ, ಇಂಜಿನ್ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಕಿತ್ತು ಮೂಲೆಗೆ ಎಸೆಯುವುದು, “ನಮ್ಮ ಬಿಸಿಲಿಗೆ ಇದ್ಯಾಕ?” ಅಂತ. ಇಂಜಿನ್ ತನ್ನ ಶಾಖಕ್ಕೆ ಬರಲು ತಡವಾಗಿ ಇಂಧನ ಹೆಚ್ಚು ಕುಡಿಯುತ್ತದೆ. ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿಯನ್ನೂ ಥರ್ಮೋಸ್ಟಾಟೇ ಮುಚ್ಚುವ ಇಂಜಿನುಗಳಲ್ಲಂತೂ ನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತಿ ಇನ್ನಷ್ಟು ಕಾಯುತ್ತದೆ.

ಟೈಮಿಂಗ್ ಹಿಡಿಯುವ ಪರಿ ನೋಡಿದರೆ ದೇವರೇ ಗತಿ. ಹಳೇ ಬೆಲ್ಟಿನ ಮೇಲೆ ವೈಟ್ನರ್ ಬಳಿದು ಗುರುತು ಮಾಡಿ, ಹಲ್ಲು ಎಣಿಸಿ ಅದನ್ನೇ ಹೊಸದಕ್ಕೆ ನಕಲು ಮಾಡುವುದು. ಹಳೇ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿದ್ದರೆ? ಹೊಸದೂ ಅದೇ ತಪ್ಪಿನ ಮೇಲೆ ಕೂರುತ್ತದೆ. ಡಸ್ಟರ್, ಲೋಗನ್‌ಗಳ 1.5 ಡೀಸೆಲ್‌ಗೆ ಎರಡು ಪಿನ್ ಬೇಕು: ಒಂದು ಕ್ಯಾಮ್ (ವಾಲ್ವು ತೆರೆಯುವ ದಂಡ) ಗಿಯರಿನ ತೂತಿನಿಂದ ಹೆಡ್ಡಿಗೆ ಹೋಗುತ್ತದೆ, ಇನ್ನೊಂದನ್ನು ಬ್ಲಾಕಿಗೆ ತಿರುಗಿಸಿ ಕ್ರ್ಯಾಂಕ್ ಅದಕ್ಕೆ ತಾಗುವಂತೆ ನಿಲ್ಲಿಸಬೇಕು. ಆ ಪಿನ್ ಇರುವುದು ಜಾಗ ತೋರಿಸಲು. ಅದರ ಮೇಲೆ ಭಾರ ಬಿಟ್ಟು ಪುಲ್ಲಿ ಬೋಲ್ಟ್ ಬಿಚ್ಚುವ ಮಹಾನುಭಾವರೂ ಇದ್ದಾರೆ. ಪಿನ್ ಬಾಗಿದ ಮೇಲೆ ಟೈಮಿಂಗೂ ಇಲ್ಲ, ಗೀಮಿಂಗೂ ಇಲ್ಲ.

ಪಂಪ್ ಕೂರುವ ಜಾಗದ ಹಳೇ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು ತೆಗೆಯಬೇಕು, ಹಾಗಂತ ಸ್ಕ್ರೂಡ್ರೈವರಿನಿಂದ ಅಲ್ಯೂಮಿನಿಯಂಗೆ ಗೀರು ಹಾಕುವಂತಿಲ್ಲ. ರಬ್ಬರ್ ರಿಂಗ್ ಇರುವ ಪಂಪಿಗೆ ಸಿಲಿಕಾನ್ ಪೇಸ್ಟ್ ಮೆತ್ತಬಾರದು, ಹೆಚ್ಚಾದದ್ದು ಒಳಗೆ ಉದುರಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಪಿನ 6 ಎಂಎಂ ಬೋಲ್ಟಿಗೆ ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಉದ್ದನೆಯ ಪಾನಾ ಹಾಕಿ ಜಗ್ಗಿ ಥ್ರೆಡ್ ತಿಂದು ಹಾಕುತ್ತಾರೆ, ಆಮೇಲೆ “ಮೊದಲೇ ಹಿಂಗ ಇತ್ರಿ”.

ಬೆಲ್ಟನ್ನು ಕ್ರ್ಯಾಂಕಿನಿಂದ ಶುರು ಮಾಡಿ, ಎಳೆತ ಬೀಳುವ ಕಡೆ ಸ್ವಲ್ಪವೂ ಸಡಿಲ ಬಿಡದೆ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕಡೆ ಕೊನೆಗೆ ಕೂರಿಸಬೇಕು. ಎರಡು ಬೆರಳಲ್ಲಿ ಬೆಲ್ಟ್ ತಿರುಚಿ ಬಿಗಿ ನೋಡುವ ಕಾಲ ಹೋಯಿತು. ಟೆನ್ಷನರಿನಲ್ಲೇ ಮುಳ್ಳಿನ ಗುರುತಿದ್ದರೆ ಅದಕ್ಕೇ ತಂದು ನಿಲ್ಲಿಸಿ. ಬಿಗಿ ಹೆಚ್ಚಾದರೆ ಹೊಸ ಪಂಪೂ ಕುಯ್‌ಗುಡತೊಡಗುತ್ತದೆ, ಕಡಿಮೆಯಾದರೆ ಸ್ಟಾರ್ಟ್ ಮಾಡುವಾಗ ಹಲ್ಲು ಹಾರುತ್ತದೆ. ಆಮೇಲೆ ಪಿನ್ ತೆಗೆದು ಕ್ರ್ಯಾಂಕನ್ನು ಕೈಯಿಂದ, ಇಂಜಿನ್ ತಿರುಗುವ ದಿಕ್ಕಿನಲ್ಲೇ, ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ಪಿನ್ ಹಾಕಿ ನೋಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಅದು ವಾಲ್ವಿಗೆ ಪಿಸ್ಟನ್ ತಾಗಿದ್ದು. ಈ ಎರಡು ಸುತ್ತಿಗೆ ಪುರುಸೊತ್ತಿಲ್ಲ, ಸೀದಾ ಚಾವಿ ತಿರುಗಿಸುವುದು!

ಪಾರ್ಟಿನ ಕತೆ ಬೇರೆ. ಕಿಟ್ ಹುಬ್ಬಳ್ಳಿಯಿಂದಲೋ ಹೈದರಾಬಾದಿನಿಂದಲೋ ಬಸ್ಸಿಗೆ ಹಾಕಿಸಿ ತರಿಸುತ್ತಾರೆ. ಕಿಟ್ ಅಂದರೆ ಬೆಲ್ಟ್, ಟೆನ್ಷನರ್, ಇಂಜಿನಿಗೆ ತಕ್ಕಂತೆ ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಗಾಲಿ), ಜೊತೆಗೆ ಪಂಪ್ ಇರುವ ಕಿಟ್ಟೂ ಸಿಗುತ್ತದೆ. ನಮಗೆ ತೋರಿಸುವ ಹೊತ್ತಿಗೆ ಡಬ್ಬಿಯ ಟೇಪ್ ಹರಿದಿರುತ್ತದೆ, ಬೆಲ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮಡಚಿಟ್ಟಿರುತ್ತಾರೆ. ಟೈಮಿಂಗ್ ಬೆಲ್ಟ್ ಮಡಚಬಾರದು ಸ್ವಾಮಿ, ಒಳಗಿನ ನೂಲು ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್‌ಗಳನ್ನೂ ಅದೇ ಸಲ ನೋಡಿ, ಜಿನುಗಿದ್ದರೆ ಬದಲಿಸಿ. ಕೂಡಿಸುವಾಗ ಕೆಳಗಿನ ಕವರಿನ ಬೋಲ್ಟ್ “ಉಳಿದವು” ಅಂತ ಡಬ್ಬಿಗೆ ಹಾಕುವವರಿಗೆ ಬಳ್ಳಾರಿ ರಸ್ತೆಯ ಅದಿರಿನ ಕೆಂಪು ಧೂಳು ಕಾಣುವುದೇ ಇಲ್ಲವೇನೋ. ಆ ಸಂದಿಯಿಂದ ಧೂಳು ಒಳಹೊಕ್ಕು ಬೆಲ್ಟಿನ ಹಲ್ಲನ್ನು ಅರದ ಥರ ತಿನ್ನುತ್ತದೆ.

ಕೂಲಂಟ್ ನಿಧಾನಕ್ಕೆ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ತೆಗೆದು, ಹೀಟರ್ ಪೂರ್ತಿ ಬಿಸಿಗಿಟ್ಟು, ಫ್ಯಾನ್ ಎರಡು ಸಲ ಹೊಡೆಯುವವರೆಗೆ ಇಂಜಿನ್ ಓಡಿಸಿ. ತಣ್ಣಗಾದ ಮೇಲೆ ಮಟ್ಟ ನೋಡಿ. ಕಾದಾಗ ಮುಚ್ಚಳ ತೆಗೆಯಬೇಡಿ.

ಗಾಡಿ ಬಿಡುವಾಗಲೇ ಹೇಳಿ: ಬೆಲ್ಟ್, ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ, ಹಳೇವು ಮೂರೂ ಕೈಗೆ ಬೇಕು, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಮತ್ತು ಕಿಲೋಮೀಟರ್ ಬರೆಯಬೇಕು. “ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?” ಅಂದರೆ ಇಲ್ಲ ಅನ್ನಿ, ಪಿನ್ ಎಲ್ಲಿದೆ ತೋರಿಸಿ ಅನ್ನಿ.