ಮಗು ಹಾಲು ಕಕ್ಕಿದರೆ ಎದೆಹಾಲು ನಿಲ್ಲಿಸಬೇಕಿಲ್ಲ

"ಮಗು ಪದೇ ಪದೇ ಹಾಲು ಕಕ್ಕಿದರೆ ತಾಯಿಯ ಹಾಲು ಹಿಡಿಸುತ್ತಿಲ್ಲ ಎಂದರ್ಥ. ಎದೆಹಾಲು ಬಿಡಿಸಿ, ತೆಳು ರಾಗಿ ಮಣ್ಣಿ ಕೊಡಿ, ಕವುಚಿ ಮಲಗಿಸಿ." ಉಡುಪಿ, ಮಂಗಳೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಮೆಸೇಜು ಪೂರ್ತಿ ತಪ್ಪು.

ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಹಾಲನ್ನು ತಡೆದು ಹಿಡಿಯುವ ಸ್ನಾಯು ಎಳೆಮಕ್ಕಳಲ್ಲಿ ಇನ್ನೂ ಸಡಿಲ. ಕುಡಿಯುವುದು ಬರೀ ಹಾಲು, ದಿನವಿಡೀ ಮಲಗಿಯೇ ಇರುವುದು. ಹಾಗಾಗಿ ತೇಗಿನ ಜೊತೆ ಒಂದಿಷ್ಟು ಬಾಯಂಚಿನಿಂದ ಜಾರುತ್ತದೆ. ಮೊಸರಿನ ಹಾಗೆ ಒಡೆದು ಬಂದರೂ ಗಾಬರಿ ಬೇಡ, ಹೊಟ್ಟೆಯ ಆಮ್ಲ ತಾಗಿದರೆ ಹಾಗೇ ಆಗೋದು. ಹೆಗಲ ಬೈರಾಸಿನ ಮೇಲೆ ಹರಡಿದಾಗ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಅಲ್ವಾ? ಸಾಮಾನ್ಯವಾಗಿ 4 ತಿಂಗಳ ಹೊತ್ತಿಗೆ ಇದು ಜೋರು. ಕೂರಲು ಕಲಿತ ಮೇಲೆ ಇಳಿಯುತ್ತದೆ. 12ರಿಂದ 18 ತಿಂಗಳೊಳಗೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆ.

ಮಣ್ಣಿ ಒಳ್ಳೆಯದೇ, ಆದರೆ 6 ತಿಂಗಳು ತುಂಬಿದ ಮೇಲೆ. ಅಲ್ಲಿತನಕ ಎದೆಹಾಲು ಮಾತ್ರ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕವುಚಿ ಮಲಗಿಸುವುದಂತೂ ಅಪಾಯ, ನಿದ್ದೆಯಲ್ಲೇ ಹಠಾತ್ ಸಾವಿನ ಸಂಭವ ಹೆಚ್ಚುತ್ತದೆ. ಕಕ್ಕುವ ಮಗುವನ್ನೂ ಅಂಗಾತವೇ ಮಲಗಿಸಿ. ಹಾಲಾದ ಮೇಲೆ ತೇಗಿಸಿ, 20-30 ನಿಮಿಷ ನೆಟ್ಟಗೆ ಎತ್ತಿಕೊಂಡಿರಿ.

ತೂಕ ಏರುತ್ತಿಲ್ಲ, ವಾಂತಿ ಹಸಿರಾಗಿದೆ, ರಕ್ತ ಇದೆ, ಪ್ರತಿ ಸಲ ಚಿಮ್ಮಿ ದೂರ ಬೀಳುತ್ತದೆ, ಉಚ್ಚೆ ಕಡಿಮೆಯಾಗಿದೆ ಎಂದಾದರೆ ಮಾತ್ರ ಅದು ಬೇರೆ ವಿಷಯ, ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಆ ಮೆಸೇಜು ನಿಮಗೆ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.